ಬೆಲ್ಲದ ಪೌಚಿಗೆ ಬಾರ್‌ಕೋಡ್: ಪಾಂಡವಪುರ ಕಡೆಯ ಒಂದು ಆಲೆಮನೆಯ ಪ್ರಕರಣ

ಪ್ರಕರಣ ಇಷ್ಟು. ಪಾಂಡವಪುರದ ಕಡೆಯ ಒಂದು ಮನೆಯವರು ತಮ್ಮದೇ ಆಲೆಮನೆಯಲ್ಲಿ ಬೆಲ್ಲ ಮಾಡುತ್ತಾರೆ. ಮೊದಲೆಲ್ಲ ಮಂಡ್ಯದ ಎಪಿಎಂಸಿಗೆ ಹಾಕುತ್ತಿದ್ದರು. ಅಲ್ಲಿ ಬಾರ್‌ಕೋಡ್ ಯಾರೂ ಕೇಳಲ್ಲ, ಬಣ್ಣ ನೋಡಿ, ಒಂದು ಚೂರು ಬಾಯಿಗೆ ಹಾಕಿ ಬೆಲೆ ಹೇಳುತ್ತಾರೆ. ಈಚೆಗೆ ಚಿಕ್ಕ ಪ್ಯಾಕ್ ಮಾಡಿ ಅಂಗಡಿಗಳಿಗೆ ಕೊಡಲು ಶುರು ಮಾಡಿದರು. ಮೈಸೂರಿನ ಒಂದು ಸೂಪರ್ ಮಾರ್ಕೆಟ್ ಒಪ್ಪಿತು, ಆದರೆ ಮೊದಲ ಲೋಡನ್ನು ಇಳಿಸಿಕೊಳ್ಳುವ ಜಾಗದಿಂದಲೇ ವಾಪಸ್ ಕಳಿಸಿತು. ಬೆಲ್ಲದ ಮೇಲೆ ದೂರು ಇರಲಿಲ್ಲ. ಅಚ್ಚು ಬೆಲ್ಲದ ಬಿಳಿ ಡಬ್ಬ ಸ್ಕ್ಯಾನ್ ಮಾಡಿದರೆ ಅವರ ಕಂಪ್ಯೂಟರಿನಲ್ಲಿ ಯಾವುದೋ ಶಾಂಪೂ ಹೆಸರು ಬಂತು. ಪುಡಿ ಬೆಲ್ಲದ ಪೌಚನ್ನು ಯಂತ್ರ ಓದಲೇ ಇಲ್ಲ.

ನಾನು ಮಂಡ್ಯದಲ್ಲಿ ಲೇಬಲ್ ಮತ್ತು ಬಿಲ್ಲಿಂಗ್ ಕೆಲಸ ಮಾಡುವವನು. ಆ ಮನೆಯ ಅತ್ತಿಗೆ, ಮೈದುನ ಇಬ್ಬರೂ ಒಂದು ಚೀಲದ ತುಂಬ ಪೌಚು, ಡಬ್ಬ ಹಿಡಿದುಕೊಂಡು ಬಂದರು. ಪ್ಯಾಕಿಂಗ್ ಮತ್ತು ಲೆಕ್ಕ ಅತ್ತಿಗೆಯದು, ಅವರನ್ನು ನಾನು ಅಕ್ಕ ಅನ್ನುತ್ತೇನೆ. ಅಂಗಡಿ ಸುತ್ತುವುದು ಮೈದುನನ ಕೆಲಸ. ಬಂದವರೇ ಇಬ್ಬರೂ ಒಂದೇ ಪ್ರಶ್ನೆ: "ಒಳ್ಳೇ ಪ್ರಿಂಟರ್ ಯಾವ್ದಣ್ಣ?"

ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಪ್ರಿಂಟರ್ ಕೊನೆಯ ಪ್ರಶ್ನೆ. ಯಾವ ವಸ್ತುವಿಗೆ ಯಾವ ನಂಬರ್, ಆ ನಂಬರ್ ಹೊರಗಿನವರು ಓದಲಿಕ್ಕೋ ನಮ್ಮ ಗೋಡೌನ್ ಒಳಗಿನ ಲೆಕ್ಕಕ್ಕೋ, ಇದನ್ನು ಮೊದಲು ತೀರ್ಮಾನ ಮಾಡಬೇಕು. ಇವೆರಡು ಬೇರೆ ಬೇರೆ ಕೆಲಸ. ಒಂದೇ ನಂಬರಿನಲ್ಲಿ ಎರಡನ್ನೂ ಮಾಡಲು ಹೋದರೆ ಎರಡೂ ಕೆಡುತ್ತವೆ.

ಶಾಂಪೂ ಎಲ್ಲಿಂದ ಬಂತು

ಮೈದುನ ನಂಬರುಗಳನ್ನು ಆನ್‌ಲೈನಿನಲ್ಲಿ ಕೊಂಡಿದ್ದ. ಸಸ್ತಾ ಸಿಕ್ಕಿತ್ತು, ವರ್ಷ ವರ್ಷ ಕಟ್ಟುವ ತಾಪತ್ರಯ ಇಲ್ಲ ಅಂದಿದ್ದರಂತೆ. ಬೇರೆ ಕಂಪನಿಗೆ ಸೇರಿದ ಸಂಖ್ಯೆಗಳನ್ನೇ ಎತ್ತಿ ಮಾರುವವರು ಇದ್ದಾರೆ. ಚಿತ್ರ ಚೆನ್ನಾಗಿಯೇ ಇರುತ್ತೆ, ಸ್ಕ್ಯಾನ್ ಕೂಡ ಆಗುತ್ತೆ, ಆದ್ದರಿಂದ ಕೊಂಡವರಿಗೆ ಅನುಮಾನವೇ ಬರಲ್ಲ. ಆ ಸಂಖ್ಯೆ ಮೊದಲೇ ಇನ್ನೊಬ್ಬರ ಹೆಸರಿನಲ್ಲಿ ಇರುವುದು ದೊಡ್ಡ ಅಂಗಡಿಗೆ ಹೋದಾಗಲೇ ಬಯಲಾಗುವುದು.

ಚಿಲ್ಲರೆ ಅಂಗಡಿಯಲ್ಲಿ ಮಾರುವ ವಸ್ತುವಿಗೆ ನಮ್ಮಲ್ಲಿ ನಡೆಯುವುದು 13 ಅಂಕೆಯ ಇಎಎನ್-13. ಭಾರತದಲ್ಲಿ ಇದನ್ನು ಕೊಡುವ ಸಂಸ್ಥೆ ಜಿಎಸ್1 ಇಂಡಿಯಾ. ಅದು ಕೊಡುವ ನಂಬರುಗಳು 890ರಿಂದ ಶುರುವಾಗುತ್ತವೆ. ಈ 890ರ ಬಗ್ಗೆ ವಾಟ್ಸಾಪಿನಲ್ಲಿ ಒಂದು ಮೆಸೇಜು ವರ್ಷಾನುಗಟ್ಟಲೆ ಓಡಾಡುತ್ತಲೇ ಇದೆ, 890 ಇದ್ದರೆ ಸ್ವದೇಶಿ ಮಾಲು, ಇಲ್ಲದಿದ್ದರೆ ವಿದೇಶಿ ಅಂತ. ಅದು ಸುಳ್ಳು. ಆ ನಂಬರನ್ನು ಭಾರತದ ಸಂಸ್ಥೆಯಿಂದ ತೆಗೆದುಕೊಂಡಿದ್ದಾರೆ ಅನ್ನುವುದಷ್ಟೇ ಅದರ ಅರ್ಥ. ಮಾಲು ಎಲ್ಲಿ ತಯಾರಾಯಿತು ಅನ್ನುವುದು ಅದರಲ್ಲಿ ಇಲ್ಲ.

ಕೊಂಡ ನಂಬರನ್ನು "ವೆರಿಫೈಡ್ ಬೈ ಜಿಎಸ್1" ಎಂಬ ಉಚಿತ ಪುಟದಲ್ಲಿ ಹಾಕಿ ನೋಡಬಹುದು. ಯಾವ ಕಂಪನಿಗೆ ಕೊಟ್ಟಿದ್ದು ಅಂತ ತೋರಿಸುತ್ತೆ. ನನ್ನ ಅಂಗಡಿಯಲ್ಲೇ ಹಾಕಿ ನೋಡಿದೆವು. ಯಾವುದೋ ಬೇರೆ ದೇಶದ ಹೆಸರು ಬಂತು. ಅಕ್ಕ ಮೈದುನನ ಮುಖ ನೋಡಿದರು. ಅವನು ಫೋನ್ ನೋಡಿಕೊಂಡ. ಆ ಮಾತು ಅಲ್ಲಿಗೆ ಮುಗಿಯಿತು.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಬಾರ್‌ಕೋಡ್ ಹಾಕಲೇಬೇಕು ಅಂತ ಪ್ಯಾಕೆಟ್ ಮಾಲಿನ ಕಾನೂನು ಹೇಳುವುದಿಲ್ಲ. 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಕೇಳುವುದು ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು ಮತ್ತು ವರ್ಷ, ದೂರಿಗೆ ಫೋನ್ ನಂಬರ್ ಇಂಥವು. ತಿನ್ನುವ ವಸ್ತುವಿಗೆ ಇದರ ಮೇಲೆ ಆಹಾರ ಪರವಾನಗಿಯ 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಮತ್ತು ಬ್ಯಾಚ್ ಬೇಕು. ಬಾರ್‌ಕೋಡ್ ಕೇಳುವುದು ಸರ್ಕಾರ ಅಲ್ಲ, ಅಂಗಡಿ. ಊರಿನ ನಾಲ್ಕು ಕಿರಾಣಿ ಅಂಗಡಿಗೆ ಮಾತ್ರ ಕೊಡುವವರಾದರೆ ಇದಕ್ಕೆ ದುಡ್ಡು ಹಾಕುವುದೇ ಬೇಡ. ಇವರು ಮೈಸೂರು, ಬೆಂಗಳೂರಿನ ಸೂಪರ್ ಮಾರ್ಕೆಟಿಗೆ ಹೋಗಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದರಿಂದ ನೇರವಾಗಿ ಜಿಎಸ್1 ಇಂಡಿಯಾದಲ್ಲೇ ನೋಂದಾಯಿಸಿ ಅಂದೆ. ಶುಲ್ಕ ನಮ್ಮ ವಹಿವಾಟು ಎಷ್ಟು, ಎಷ್ಟು ನಂಬರ್ ಬೇಕು ಅನ್ನುವುದರ ಮೇಲೆ ಹೋಗುತ್ತೆ, ಆಮೇಲೆ ನವೀಕರಣವೂ ಇದೆ. ಮಂಡ್ಯಕ್ಕೆ "ಒಂದು ಜಿಲ್ಲೆ ಒಂದು ಉತ್ಪನ್ನ" ಯೋಜನೆಯಲ್ಲಿ ಸಿಕ್ಕಿರುವುದು ಬೆಲ್ಲವೇ, ಹಾಗಾಗಿ ಸಣ್ಣ ಘಟಕಕ್ಕೆ ಏನಾದರೂ ಸಹಾಯಧನ ಹೊಂದುತ್ತಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ಕೃಷಿ ಇಲಾಖೆಯಲ್ಲೂ ವಿಚಾರಿಸಿ ಅಂತಲೂ ಹೇಳಿದೆ.

ನಾಲ್ಕು ಬಗೆ, ಎಂಟು ನಂಬರ್

"ನಮ್ದು ನಾಕೇ ಐಟಂ ಅಣ್ಣ. ಅಚ್ಚು, ಪುಡಿ, ಶುಂಠಿ-ಏಲಕ್ಕಿ ಹಾಕಿದ್ದು, ಜೋನಿ. ನಾಕು ನಂಬರ್ ಸಾಕು," ಅಂದ ಮೈದುನ.

ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತೆವು. ಅಚ್ಚು ಬೆಲ್ಲ ಅರ್ಧ ಕೆಜಿ ಮತ್ತು ಒಂದು ಕೆಜಿ, ಎರಡು. ಪುಡಿ ಬೆಲ್ಲ 250 ಗ್ರಾಂ, 500 ಗ್ರಾಂ, 1 ಕೆಜಿ, ಮೂರು. ಶುಂಠಿ ಬೆಲ್ಲ ಒಂದು. ಬಾಟಲಿಯಲ್ಲಿ ಜೋನಿ, ಅಂದರೆ ದ್ರವ ಬೆಲ್ಲ, ಒಂದು. ಏಳಾಯಿತು. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಡಬ್ಬ ಮಾಡಿ ಮಾರುತ್ತಾರೆ, ಅದರಲ್ಲಿ ಬೆಲ್ಲ, ಎಳ್ಳು, ಕಡಲೆಬೀಜ, ಕೊಬ್ಬರಿ ಎಲ್ಲ ಒಟ್ಟಿಗೆ. ಅದು ಬೇರೆಯೇ ವಸ್ತು, ಎಂಟನೆಯದು.

"ಪುಡಿ ಬೆಲ್ಲ ಪುಡಿ ಬೆಲ್ಲನೇ ಅಲ್ವಾ, ಮೂರಕ್ಕೂ ಒಂದೇ ಇರ್ಲಿ," ಅಂತ ಅವನು ಬಿಡಲಿಲ್ಲ. ಗೆರೆಯೊಳಗೆ ಬೆಲೆ ಇರುತ್ತೆ, ತೂಕ ಇರುತ್ತೆ ಅಂದುಕೊಂಡವರು ಹೀಗೆ ಕೇಳುತ್ತಾರೆ. ಇರಲ್ಲ. ಅಮೆರಿಕದ ಓಹಿಯೋದ ಟ್ರಾಯ್ ಅನ್ನುವ ಊರಿನಲ್ಲಿ 1974ರ ಜೂನ್ 26ರಂದು ರಿಗ್ಲೀಸ್ ಚೂಯಿಂಗ್ ಗಮ್ ಪ್ಯಾಕೆಟನ್ನು ಮೊದಲ ಸಲ ಅಂಗಡಿ ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದಾಗಲೂ ಗೆರೆಯೊಳಗೆ ಇದ್ದದ್ದು ಬರೀ ಒಂದು ಸಂಖ್ಯೆ. ಬಾರ್‌ಕೋಡ್ ಅಂದರೆ ಗಾಡಿ ನಂಬರ್ ಇದ್ದ ಹಾಗೆ, ಓನರ್ ಯಾರು, ಮಾಡೆಲ್ ಯಾವುದು ಅನ್ನುವುದೆಲ್ಲ ಆರ್‌ಟಿಒ ಕಂಪ್ಯೂಟರಿನಲ್ಲಿ ಇರುತ್ತೆ, ಪ್ಲೇಟಿನ ಮೇಲೆ ಇರಲ್ಲ. ಬೆಲೆ, ಹೆಸರು, ತೂಕ ಎಲ್ಲ ಅಂಗಡಿಯ ಕಂಪ್ಯೂಟರಿನಲ್ಲಿ. ಕಾಲು ಕೆಜಿಗೂ ಒಂದು ಕೆಜಿಗೂ ಒಂದೇ ನಂಬರ್ ಕೊಟ್ಟರೆ ಎರಡಕ್ಕೂ ಒಂದೇ ಬೆಲೆ ಬೀಳುತ್ತೆ, ನಷ್ಟ ಅಂಗಡಿಯವನಿಗೋ ಗಿರಾಕಿಗೋ, ಬೈಗುಳ ಮಾತ್ರ ನಮಗೆ.

ಹಾಗೇ ಇದರ ಉಲ್ಟಾನೂ ಗೊತ್ತಿರಬೇಕು. ಎಂಆರ್‌ಪಿ ಬದಲಾದರೆ ಹೊಸ ನಂಬರ್ ಬೇಡ. ಪೌಚಿನ ಚಿತ್ರ ಬದಲಾದರೂ ಬೇಡ. ತೂಕ 500ರಿಂದ 450 ಗ್ರಾಂಗೆ ಇಳಿಸಿದರೆ ಬೇಕು. ಒಮ್ಮೆ ಒಂದು ವಸ್ತುವಿಗೆ ಕೊಟ್ಟ ನಂಬರನ್ನು, ಆ ವಸ್ತು ನಿಂತುಹೋದರೂ, ಮತ್ತೊಂದಕ್ಕೆ ಕೊಡುವ ಹಾಗಿಲ್ಲ. 2019ರಿಂದ ಜಿಎಸ್1 ನಿಯಮವೇ ಹಾಗಿದೆ.

ನೂರು ನಂಬರಿನ ಗುಂಪು ತೆಗೆದುಕೊಂಡರೆ ಕೊನೆಯ ಚೆಕ್ ಅಂಕೆಯ (ಓದಿದ್ದು ಸರಿಯೇ ಅಂತ ತಾಳೆ ನೋಡುವ ಅಂಕೆ) ಹಿಂದಿನ ಎರಡು ಅಂಕೆ ನಮ್ಮ ಕೈಯಲ್ಲಿರುತ್ತವೆ, 00ರಿಂದ 99. ಅಕ್ಕ ಕೂಡಲೇ ಅಚ್ಚಿಗೆ 10ರ ಸಾಲು, ಪುಡಿಗೆ 20ರ ಸಾಲು ಅಂತ ವಿಂಗಡಿಸಲು ಹೊರಟರು. ಬೇಡ ಅಂದೆ. ಹೀಗೆ ಅರ್ಥ ತುಂಬಿದ ನಂಬರು ಮೊದಲ ವರ್ಷ ಅಂದವಾಗಿ ಕಾಣುತ್ತೆ, ಆಮೇಲೆ ಪುಡಿಯಲ್ಲೇ ಹನ್ನೊಂದನೇ ಬಗೆ ಬಂದ ದಿನ ಸಾಲು ಒಡೆಯುತ್ತೆ. ಸುಮ್ನೆ 01, 02, 03 ಅಂತ ಬಂದ ಹಾಗೆ ಕೊಡುವುದು, ಯಾವುದು ಯಾವುದಕ್ಕೆ ಅಂತ ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆದಿಡುವುದು. ಕಂಪ್ಯೂಟರಿನಲ್ಲೂ ಇರಲಿ, ಪುಸ್ತಕದಲ್ಲೂ ಇರಲಿ.

ಕೊನೆಯ ಅಂಕೆ ನಾವು ಆರಿಸುವುದಲ್ಲ, ಲೆಕ್ಕದಿಂದ ಬರುವುದು. ಎಡದಿಂದ ಎಣಿಸಿ ಒಂದನೇ, ಮೂರನೇ, ಐದನೇ ಹೀಗೆ ಬೆಸ ಸ್ಥಾನದ ಅಂಕೆಗಳನ್ನು ಕೂಡಬೇಕು. ಸಮ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಬೇಕು. ಎರಡನ್ನೂ ಸೇರಿಸಿ ಮುಂದಿನ ಹತ್ತರ ಮಗ್ಗಿಗೆ ಎಷ್ಟು ಬೇಕೋ ಅದೇ ಚೆಕ್ ಅಂಕೆ. ಉದಾಹರಣೆಗೆ 200000012345 ಇಟ್ಟುಕೊಳ್ಳಿ. ಬೆಸ ಸ್ಥಾನದವು 8 ಆಗುತ್ತವೆ. ಸಮ ಸ್ಥಾನದವು 9, ಮೂರರಿಂದ ಗುಣಿಸಿದರೆ 27. ಒಟ್ಟು 35, ನಲವತ್ತಕ್ಕೆ 5 ಬೇಕು. ಪೂರ್ತಿ ನಂಬರ್ 2000000123455. ಈ ಲೆಕ್ಕವನ್ನು ಸಾಫ್ಟ್‌ವೇರೇ ಮಾಡುತ್ತೆ, ಆದರೂ ಅಕ್ಕ ಎಂಟೂ ನಂಬರನ್ನು ಕೈಯಲ್ಲಿ ಲೆಕ್ಕ ಹಾಕಿ ಹೊಂದಿಸಿ ನೋಡಿದರು. ನನಗೆ ಅದು ಇಷ್ಟವಾಯಿತು.

2ರಿಂದ ಶುರುವಾಗುವ ನಂಬರನ್ನೇ ಇಲ್ಲಿ ತೆಗೆದುಕೊಂಡದ್ದಕ್ಕೆ ಕಾರಣ ಇದೆ. 20ರಿಂದ 29ರವರೆಗಿನವು ಅಂಗಡಿಯ ಒಳಬಳಕೆಗೆ ಬಿಟ್ಟವು. ತರಕಾರಿ, ಬಿಡಿ ಬೆಲ್ಲ ತೂಗಿ ಸ್ಟಿಕರ್ ಅಂಟಿಸುತ್ತಾರಲ್ಲ, ಆ ಸ್ಟಿಕರಿನ ನಂಬರು. ಅದರೊಳಗೆ ಮಾತ್ರ ತೂಕ ಅಥವಾ ಬೆಲೆ ಸೇರಿಸಿರುತ್ತಾರೆ. ಬಕೆಟ್ ಬೆಲ್ಲ ಒಡೆದು ತೂಗಿ ಮಾರುವ ಅಂಗಡಿ ಅದನ್ನು ತಾನೇ ಮುದ್ರಿಸಿಕೊಳ್ಳುತ್ತೆ, ನಾವು ತಲೆ ಕೆಡಿಸಿಕೊಳ್ಳುವುದು ಬೇಡ.

ಓದದ ಪೌಚು

ಈಗ ಪುಡಿ ಬೆಲ್ಲದ ಪೌಚು. ನೋಡಲು ಬಹಳ ಚೆಂದ. ಕ್ರಾಫ್ಟ್ ಕಾಗದದ ಮಣ್ಣಿನ ಬಣ್ಣ, ಅದರ ಮೇಲೆ ಬೆಲ್ಲದ ಬಣ್ಣದಲ್ಲೇ ಗೆರೆಗಳು. ಡಿಸೈನ್ ಮಾಡಿದವರು ಎಲ್ಲ ಒಂದೇ ಬಣ್ಣದಲ್ಲಿ ಹೊಂದಬೇಕು ಅಂತ ಹಾಗೆ ಮಾಡಿದ್ದಾರೆ. ಆದರೆ ಕೌಂಟರಿನ ಸ್ಕ್ಯಾನರು ಬಹುತೇಕ ಕೆಂಪು ಬೆಳಕಿನಲ್ಲಿ ನೋಡುತ್ತೆ. ಕೆಂಪು ಬೆಳಕಿಗೆ ಕೆಂಪು, ಕಿತ್ತಳೆ, ತಿಳಿ ಕಂದು ಎಲ್ಲ ಬಿಳಿಯ ಹಾಗೇ ಕಾಣುತ್ತವೆ. ನಮ್ಮ ಕಣ್ಣಿಗೆ ಗೆರೆ ಕಾಣುತ್ತೆ, ಅದಕ್ಕೆ ಕಾಣಲ್ಲ. ಬಿಳಿ ಮೇಲೆ ಕಪ್ಪು ಸುರಕ್ಷಿತ. ಕಡು ನೀಲಿ, ಕಡು ಹಸಿರು ಗೆರೆಯೂ ನಡೆಯುತ್ತೆ. ಬೆಲ್ಲ ಕಾಣಲಿ ಅಂತ ಪಾರದರ್ಶಕ ಪೌಚ್ ಮಾಡಿದರೆ ಗೆರೆಯ ಹಿಂದೆ ಬಿಳಿ ಬಳಿದ ತುಂಡು ಇರಲೇಬೇಕು.

"ನನ್ ಫೋನಲ್ಲಿ ಓದ್ತದಲ್ಲಣ್ಣ!" ಅಂತ ಮೈದುನ ಅಲ್ಲೇ ತೋರಿಸಿದ. ಹೌದು, ಓದಿತು. ಫೋನಿನ ಕ್ಯಾಮೆರಾ ಎಲ್ಲ ಬಣ್ಣ ನೋಡುತ್ತೆ, ಹತ್ತಾರು ಸಲ ಪ್ರಯತ್ನಿಸುತ್ತೆ, ಮಂಕಾದ್ದನ್ನೂ ಕ್ಷಮಿಸುತ್ತೆ. ಫೋನಿನಲ್ಲಿ ಓದಿದ್ದನ್ನು ಪರೀಕ್ಷೆ ಅಂತ ನಾನು ಒಪ್ಪಲ್ಲ. ಸಾಧಾರಣ ಲೇಸರ್ ಸ್ಕ್ಯಾನರಿನಲ್ಲಿ, ಕೈ ಅಲುಗಿಸುತ್ತಾ, ಕೌಂಟರಿನ ವೇಗದಲ್ಲಿ ಓದಬೇಕು.

ಬಣ್ಣ ಒಂದೇ ತೊಂದರೆ ಆಗಿರಲಿಲ್ಲ. ಸ್ಕೇಲ್ ಇಟ್ಟು ಅಳೆದೆ. ಇಎಎನ್-13ರ ಸರಿಯಾದ ಅಳತೆ, ಎರಡೂ ಬದಿಯ ಖಾಲಿ ಜಾಗ ಸೇರಿ, 37.29 ಮಿಮೀ ಅಗಲ, 25.93 ಮಿಮೀ ಎತ್ತರ. 80 ಪರ್ಸೆಂಟಿನವರೆಗೆ ಕುಗ್ಗಿಸಬಹುದು, ಅಂದರೆ ಹೆಚ್ಚು ಕಡಿಮೆ 30 ಮಿಮೀ ಅಗಲ. ಇವರ ಪೌಚಿನಲ್ಲಿ 20 ಮಿಮೀ ಕೂಡ ಇರಲಿಲ್ಲ. ಸಾಲದ್ದಕ್ಕೆ ಸುತ್ತ ಒಂದು ಅಂದದ ಬಾರ್ಡರ್ ಎಳೆದು ಗೆರೆಗೆ ಅಂಟಿಸಿದ್ದರು. ಮೊದಲ ಗೆರೆಯ ಎಡಕ್ಕೆ ಒಂದು ಸಣ್ಣ ಗೆರೆಯ ದಪ್ಪದ ಹನ್ನೊಂದರಷ್ಟು, ಬಲಕ್ಕೆ ಏಳರಷ್ಟು ಜಾಗ ಖಾಲಿ ಇರಬೇಕು. ಕೋಡ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಸ್ಕ್ಯಾನರಿಗೆ ಗೊತ್ತಾಗುವುದು ಆ ಖಾಲಿ ಜಾಗದಿಂದಲೇ. ಪುಕ್ಕಟೆ ಸೈಟಿನಿಂದ ಇಳಿಸಿದ ಜೆಪಿಇಜಿ ಚಿತ್ರವನ್ನು ಮೂಲೆ ಹಿಡಿದು ಎಳೆದು ಕುಗ್ಗಿಸಿದ್ದರಿಂದ ಗೆರೆಗಳ ಅಂಚು ಮಸುಕಾಗಿತ್ತು. ಎಸ್‌ವಿಜಿ ಅಥವಾ ಇಪಿಎಸ್ ಫೈಲ್ (ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಅಂಚು ಮಸುಕಾಗದ ಬಗೆ) ಕೊಟ್ಟರೆ ಈ ತಾಪತ್ರಯ ಇಲ್ಲ. ಇಂಕ್‌ಸ್ಕೇಪ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲೇ ಇಎಎನ್-13 ಮಾಡುವ ಸೌಲಭ್ಯ ಇದೆ, ದುಡ್ಡು ಕೊಟ್ಟು ಚಿತ್ರ ಕೊಳ್ಳುವುದು ಯಾಕೆ?

ಇನ್ನೊಂದು, ಪೌಚಿನ ಹಿಂದೆ ನಡು ಸೀಲ್ ಬರುವ ಕಡೆಯೇ ಕೋಡ್ ಬಿದ್ದಿತ್ತು. ಪುಡಿ ತುಂಬಿದ ಮೇಲೆ ಪೌಚ್ ಉಬ್ಬಿ ಗೆರೆಗಳ ಮೇಲೆ ಮಡಿಕೆ ಬರುತ್ತಿತ್ತು. ಹಿಂಬದಿಯ ಕೆಳಗೆ, ಸೀಲಿನಿಂದ ದೂರ, ಚಪ್ಪಟೆಯಾಗಿ ನಿಲ್ಲುವ ಜಾಗ ಹುಡುಕಬೇಕು. ಜೋನಿ ಬಾಟಲಿಗೆ ಬೇರೆ ಉಪಾಯ. ದುಂಡಗಿನ ಮೈಮೇಲೆ ಗೆರೆ ನೆಟ್ಟಗೆ ನಿಂತರೆ ಎರಡು ತುದಿಯ ಗೆರೆಗಳು ಬಾಗಿ ಆಚೆ ಹೋಗುತ್ತವೆ. ಕೋಡನ್ನು ಅಡ್ಡ ತಿರುಗಿಸಿ, ಗೆರೆಗಳು ಏಣಿ ಮೆಟ್ಟಿಲಿನಂತೆ ಒಂದರ ಮೇಲೊಂದು ಬರುವ ಹಾಗೆ ಅಂಟಿಸಿದರೆ ಸರಿ.

ಉಳಿದ ಪೌಚು ಎಸೆಯಲಿಲ್ಲ. ಹಳೆ ಕೋಡಿನ ಮೇಲೆ ಪೂರ್ತಿ ಮುಚ್ಚುವಂತೆ ಬಿಳಿ ಲೇಬಲ್. ಪೂರ್ತಿ ಮುಚ್ಚಬೇಕು, ಹಳೆಯದರ ನಾಲ್ಕು ಗೆರೆ ಇಣುಕಿದರೂ ಗಲಿಬಿಲಿ.

ಪ್ರಿಂಟರು, ಕೊನೆಗೂ

ಲೇಬಲ್ ಪ್ರಿಂಟರಿನಲ್ಲಿ ಎರಡು ಜಾತಿ. ಒಂದಕ್ಕೆ ರಿಬ್ಬನ್ ಬೇಡ, ಬಿಸಿ ತಾಗಿದರೆ ಕಾಗದವೇ ಕಪ್ಪಾಗುತ್ತೆ, ಬಸ್ ಟಿಕೆಟ್ ಕಾಗದದ ಥರದ್ದು. ಇನ್ನೊಂದರಲ್ಲಿ ರಿಬ್ಬನ್ನಿನ ಮಸಿ ಬಿಸಿಗೆ ಕರಗಿ ಲೇಬಲ್ಲಿಗೆ ಅಂಟುತ್ತೆ. ಮೈದುನನಿಗೆ ಮೊದಲನೆಯದೇ ಬೇಕು, ರಿಬ್ಬನ್ ಖರ್ಚು ಉಳಿಯುತ್ತಲ್ಲ. ನಾನು ವಾದ ಮಾಡಲಿಲ್ಲ. ಎರಡರಲ್ಲೂ ಒಂದೊಂದು ಲೇಬಲ್ ಹೊಡೆದುಕೊಟ್ಟು, ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕದ ಕಂಬಕ್ಕೆ ಅಂಟಿಸಿ ನೋಡು ಅಂದೆ. ಕಬ್ಬಿನ ಹಾಲು ಕುದಿಯುವ ಒಲೆ, ಹಬೆ, ಮಧ್ಯಾಹ್ನದ ಬಿಸಿಲು. ರಿಬ್ಬನ್ ಇಲ್ಲದ ಲೇಬಲ್ಲು ಮೊದಲು ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಗೆರೆಗೂ ಕಾಗದಕ್ಕೂ ವ್ಯತ್ಯಾಸವೇ ಇಲ್ಲದ ಹಾಗಾಯಿತು. ಅದನ್ನೇ ಕಿತ್ತು ತಂದು ನನ್ನ ಟೇಬಲ್ ಮೇಲೆ ಇಟ್ಟ.

ಬೆಲ್ಲಕ್ಕೆ ಇನ್ನೊಂದು ಗುಣ ಇದೆ, ಮಳೆಗಾಲದಲ್ಲಿ ತೇವ ಎಳೆದುಕೊಂಡು ಬೆವರುತ್ತೆ. ಒಣ ಪೌಚಿಗೆ ಮಾಮೂಲಿ ಕಾಗದದ ಲೇಬಲ್ಲು ಮತ್ತು ವ್ಯಾಕ್ಸ್ (ಮೇಣದ ಮಸಿಯ) ರಿಬ್ಬನ್ ಸಾಕು, ಕಡಿಮೆ ಖರ್ಚು. ಜೋನಿ ಬಾಟಲಿಯ ಕಥೆ ಬೇರೆ, ಅಂಟು ಕೈ ತಾಗುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಅದಕ್ಕೆ ಪ್ಲಾಸ್ಟಿಕ್ಕಿನ ಪಿಪಿ ಲೇಬಲ್ಲು, ಮೇಣಕ್ಕೆ ರಾಳ ಬೆರೆಸಿದ ವ್ಯಾಕ್ಸ್-ರೆಸಿನ್ ರಿಬ್ಬನ್. ಪ್ಲಾಸ್ಟಿಕ್ ಲೇಬಲ್ ಮೇಲೆ ಬರೀ ವ್ಯಾಕ್ಸ್ ಹಾಕಿದರೆ ಉಗುರಿನಲ್ಲಿ ಗೀರಿದರೇ ಬಂದುಬಿಡುತ್ತೆ.

ಡಿಪಿಐ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಅನ್ನುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಬಹಳ ಜನ ಎಡವುತ್ತಾರೆ. 203 ಡಿಪಿಐ ಪ್ರಿಂಟರ್ ಒಂದು ಮಿಲಿಮೀಟರಿನಲ್ಲಿ 8 ಚುಕ್ಕೆ ಹಾಕುತ್ತೆ. ಅಂದರೆ ಒಂದು ಚುಕ್ಕೆ 0.125 ಮಿಮೀ. ಅರ್ಧ ಚುಕ್ಕೆ ಹಾಕಲು ಅದಕ್ಕೆ ಬರಲ್ಲ. ಇಎಎನ್-13ರ ಅತಿ ಸಣ್ಣ ಗೆರೆಯ ಸರಿಯಾದ ದಪ್ಪ 0.33 ಮಿಮೀ, ಕನಿಷ್ಠ 0.264. ಎರಡು ಚುಕ್ಕೆ ಅಂದರೆ 0.25, ಕನಿಷ್ಠಕ್ಕಿಂತ ಕಮ್ಮಿ. ಮೂರು ಚುಕ್ಕೆ ಅಂದರೆ 0.375, ಅದು ನಡೆಯುತ್ತೆ. ಹಾಗಾದರೆ ಖಾಲಿ ಜಾಗ ಸೇರಿ ಪೂರ್ತಿ ಕೋಡಿನ ಅಗಲ ಈ ಸಣ್ಣ ಗೆರೆಯ ದಪ್ಪದ 113 ಪಟ್ಟು, ಸುಮಾರು 42.4 ಮಿಮೀ. ಆದ್ದರಿಂದ 50 ಮಿಮೀ ಅಗಲ, 25 ಮಿಮೀ ಎತ್ತರದ ಲೇಬಲ್ ತೆಗೆದುಕೊಂಡೆವು. ಎತ್ತರ ಸ್ವಲ್ಪ ಮೊಟಕಾಗುತ್ತೆ, ಓದುವುದಕ್ಕೇನೂ ಕಷ್ಟವಾಗಲಿಲ್ಲ, ಆದರೂ ಎತ್ತರ ಸಿಕ್ಕಷ್ಟು ಒಳ್ಳೆಯದು. "ಇನ್ನು ಸ್ವಲ್ಪ ಚಿಕ್ಕದು ಮಾಡಿ" ಅಂತ ಸಾಫ್ಟ್‌ವೇರಿನಲ್ಲಿ 90 ಪರ್ಸೆಂಟ್ ಕೊಟ್ಟರೆ ಪ್ರಿಂಟರು ಕೆಲವು ಗೆರೆಗೆ ಮೂರು, ಕೆಲವಕ್ಕೆ ಎರಡು ಚುಕ್ಕೆ ಹಾಕಿ ಅಳತೆ ಕೆಡಿಸುತ್ತೆ. ಕಣ್ಣಿಗೆ ಏನೂ ಗೊತ್ತಾಗಲ್ಲ. ಕಡು ಬರಲಿ ಅಂತ ಡಾರ್ಕ್‌ನೆಸ್ ಜಾಸ್ತಿ ಮಾಡುವುದೂ ಹಾಗೇ, ಗೆರೆ ಉಬ್ಬಿ ನಡುವಿನ ಬಿಳಿ ಸಣ್ಣದಾಗುತ್ತೆ. ಡಾರ್ಕ್‌ನೆಸ್ ಇಳಿಸಿ ವೇಗವನ್ನೂ ಇಳಿಸಿದರೆ ಗೆರೆ ಚೊಕ್ಕ.

ಪ್ರಿಂಟರನ್ನು ಪ್ಯಾಕಿಂಗ್ ಕೋಣೆಯಲ್ಲಿ ಇಡಬೇಡಿ ಅಂದಿದ್ದೆ, ಅಲ್ಲೇ ಇಟ್ಟರು. ಬೆಲ್ಲದ ಪುಡಿ ಗಾಳಿಯಲ್ಲಿ ಹಾರಿ ಪ್ರಿಂಟ್ ಹೆಡ್ಡಿಗೆ ಅಂಟಿತು. ಹೆಡ್ಡಿನಲ್ಲಿ ಒಂದು ಚುಕ್ಕೆ ಮುಚ್ಚಿಕೊಂಡರೆ ಲೇಬಲ್ಲಿನ ಉದ್ದಕ್ಕೂ ಒಂದು ಬಿಳಿ ಎಳೆ ಬರುತ್ತೆ, ಅದು ಗೆರೆಯ ದಿಕ್ಕಿನಲ್ಲೇ ಇದ್ದರೆ ಗೆರೆಯನ್ನು ತೆಳ್ಳಗೆ ಮಾಡಿಬಿಡುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸಿದ ಮೇಲೆ ಸರಿಹೋಯಿತು. ಈಗ ಪ್ರಿಂಟರು ಮನೆಯ ನಡುಮನೆಯಲ್ಲಿ, ಟಿವಿ ಪಕ್ಕ.

ಗೋಡೌನಿಗೆ ಬೇರೆ ಕೋಡ್

ಹೊರಗಿನ ನಂಬರ್ ಮುಗಿಯಿತು. ಆದರೆ ಇಎಎನ್-13 "ಇದು 500 ಗ್ರಾಂ ಪುಡಿ" ಅಂತ ಹೇಳುತ್ತೆ, ಯಾವ ದಿನದ ಯಾವ ಕೊಪ್ಪರಿಗೆ ಬೆಲ್ಲ ಅಂತ ಹೇಳಲ್ಲ. ಅಕ್ಕನ ನಿಜವಾದ ತಲೆನೋವು ಅದೇ. ಹೊಸ ಮಾಲು ಬಾಗಿಲ ಹತ್ತಿರ ಬೀಳುತ್ತೆ, ಹುಡುಗರು ಹತ್ತಿರ ಇದ್ದದ್ದನ್ನೇ ಎತ್ತಿ ಕಳಿಸುತ್ತಾರೆ, ಹಳೆಯದು ಒಳಗೇ ಕೂತು ಮಳೆಗಾಲದಲ್ಲಿ ಮೆತ್ತಗಾಗಿ ಕಪ್ಪಗಾಗುತ್ತೆ.

ಇಲ್ಲಿ ಯಾರಿಗೂ ಶುಲ್ಕ ಕಟ್ಟುವುದು ಬೇಡ, ಯಾರನ್ನೂ ಕೇಳುವುದೂ ಬೇಡ. ನಮ್ಮ ಗೋಡೌನ್, ನಮ್ಮ ನಂಬರ್. ಕೋಡ್ 128 ಅನ್ನುವ ಇನ್ನೊಂದು ಬಗೆಯ ಬಾರ್‌ಕೋಡ್ ತೆಗೆದುಕೊಂಡೆವು. ಅದರಲ್ಲಿ ಅಕ್ಷರವೂ ಬರುತ್ತೆ, ಅಂಕೆಯೂ ಬರುತ್ತೆ. ಅಕ್ಕ "ಪುಡಿ" ಅಂತ ಇಂಗ್ಲಿಷ್ ಅಕ್ಷರ ಸೇರಿಸೋಣ ಅಂದರು. ಬರೀ ಅಂಕೆ, ಅದೂ ಸಮ ಸಂಖ್ಯೆಯಲ್ಲಿ ಇರಲಿ ಅಂದೆ. ಕೋಡ್ 128 ಅಂಕೆಗಳನ್ನು ಎರಡೆರಡು ಜೋಡಿ ಮಾಡಿ ಒಂದೇ ಗುರುತಿನಲ್ಲಿ ತುಂಬುತ್ತೆ. ಎಂಟು ಅಂಕೆ ಎರಡು ಚುಕ್ಕೆ ದಪ್ಪದಲ್ಲಿ 20 ಮಿಮೀ ಒಳಗೇ ಮುಗಿಯುತ್ತೆ. ಅದೇ ಎಂಟು ಅಕ್ಷರವಾದರೆ 31 ಮಿಮೀ ಹತ್ತಿರ ಹೋಗುತ್ತೆ.

ಎಂಟು ಅಂಕೆಯ ಹಂಚಿಕೆ ಹೀಗೆ: ವರ್ಷ ಎರಡು, ವರ್ಷದ ಎಷ್ಟನೇ ದಿನ ಮೂರು, ಆ ದಿನದ ಎಷ್ಟನೇ ಕೊಪ್ಪರಿಗೆ ಒಂದು, ಉತ್ಪನ್ನದ ಕ್ರಮ ಸಂಖ್ಯೆ ಎರಡು. 25014305 ಅಂದರೆ 2025ರ ಜನವರಿ 14, ಮೂರನೇ ಕೊಪ್ಪರಿಗೆ, ಐದನೇ ಐಟಂ. ಹೊರಗಿನ ನಂಬರಿನಲ್ಲಿ ಅರ್ಥ ತುಂಬಬೇಡಿ ಅಂದವನು ಇಲ್ಲಿ ತುಂಬಿಸುತ್ತಿದ್ದೇನೆ, ಅಕ್ಕ ಅದನ್ನು ಹಿಡಿದೇ ಹಿಡಿದರು. ಕಾರಣ ಇದು: ಬ್ಯಾಚ್ ಅನ್ನುವುದು ಹುಟ್ಟಿದ ದಿನಕ್ಕೆ ಕಟ್ಟಿಕೊಂಡಿರುತ್ತೆ, ಆಮೇಲೆ ಬದಲಾಗಲ್ಲ. ಕೆಳಗೆ ತಾರೀಖನ್ನೂ ಮನುಷ್ಯರು ಓದುವ ಹಾಗೆ ಮುದ್ರಿಸುತ್ತೇವೆ. ಕಾನೂನಿಗೆ ಬೇಕಾದ ಬ್ಯಾಚ್ ನಂಬರೂ ಅದೇ ಆಯಿತು, ಬೇರೆ ಬರೆಯುವ ಕೆಲಸ ತಪ್ಪಿತು.

ಬರೀ ಅಂಕೆ ಇಟ್ಟದ್ದರ ಇನ್ನೊಂದು ಲಾಭ. ಸ್ಕ್ಯಾನರು ಕಂಪ್ಯೂಟರಿಗೆ ಕೀಬೋರ್ಡೇ. ಓದಿದ್ದನ್ನು ಟೈಪ್ ಮಾಡಿ ಎಂಟರ್ ಒತ್ತುತ್ತೆ, ಅಷ್ಟೇ. ಅಕ್ಕನ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಆನ್ ಆಗಿದ್ದರೆ ಸ್ಕ್ಯಾನರು ಕಳಿಸಿದ ಇಂಗ್ಲಿಷ್ ಅಕ್ಷರವೆಲ್ಲ ಅರ್ಥವಿಲ್ಲದ ಕನ್ನಡವಾಗಿ ಬೀಳುತ್ತೆ. ನಾನು ಈ ಕೇಸನ್ನು ಬೇರೆ ಅಂಗಡಿಯಲ್ಲಿ ನೋಡಿದ್ದೆ, ಅವರು ಸ್ಕ್ಯಾನರ್ ಕೆಟ್ಟಿದೆ ಅಂತ ರಿಪೇರಿಗೆ ತಂದಿದ್ದರು.

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಎಕ್ಸೆಲ್ ಸಾಕು ಅಂತ ತೀರ್ಮಾನ. ಒಂದು ಹಾಳೆ "ಒಳಗೆ", ಒಂದು ಹಾಳೆ "ಹೊರಗೆ". ಯಾವ ಯಾವ ಅಂಗಡಿಗೆ ಕೊಡುತ್ತಾರೋ ಒಂದೊಂದಕ್ಕೂ ಒಂದು ಕೋಡ್ ಮುದ್ರಿಸಿ ರಟ್ಟಿಗೆ ಅಂಟಿಸಿ ಗೋಡೆಗೆ ನೇತು ಹಾಕಿದ್ದೇವೆ. ಮಾಲು ಹೋಗುವಾಗ ಮೊದಲು ಅಂಗಡಿಯ ಕೋಡ್, ಆಮೇಲೆ ಪೆಟ್ಟಿಗೆಯ ಬ್ಯಾಚ್ ಕೋಡ್. ಎಕ್ಸೆಲ್ಲಿನಲ್ಲಿ ಒಂದೇ ಎಚ್ಚರಿಕೆ, ನಂಬರ್ ಇರುವ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ 13 ಅಂಕೆಯ ನಂಬರ್ 8.9ಇ+12 ಅಂತ ಕಾಣುತ್ತೆ, ಹಾಗೇ ಸಿಎಸ್‌ವಿ ಮಾಡಿ ಸೂಪರ್ ಮಾರ್ಕೆಟಿಗೆ ಕಳಿಸಿದರೆ ಕೊನೆಯ ಅಂಕೆಗಳೆಲ್ಲ ಸೊನ್ನೆಯಾಗಿ ಹೋಗುತ್ತವೆ. ಕೋಡ್ 128 ಫಾಂಟ್ ಇಳಿಸಿಕೊಂಡು ಸೀದಾ ಟೈಪ್ ಮಾಡಿದರೂ ಆಗಲ್ಲ, ಶುರುವಿನ ಗುರುತು, ಚೆಕ್ ಗುರುತು, ಕೊನೆಯ ಗುರುತು ಸೇರಿಸದೆ ಬರೀ ಗೆರೆ ಬರುತ್ತೆ, ಕೋಡ್ ಆಗಲ್ಲ.

ಇದರ ಪ್ರಯೋಜನ ಮಳೆಗಾಲದಲ್ಲಿ ಕಂಡಿತು. ಮೈಸೂರಿನ ಒಂದು ಅಂಗಡಿಯಿಂದ ಪುಡಿ ಗಟ್ಟಿಯಾಗಿದೆ, ಹುಳಿ ವಾಸನೆ ಅಂತ ದೂರು ಬಂತು. ಪೌಚಿನ ಬ್ಯಾಚ್ ಫೋಟೋ ಹಾಕಿಸಿಕೊಂಡು ನೋಡಿದರೆ ಒಂದೇ ದಿನದ ಒಂದೇ ಕೊಪ್ಪರಿಗೆ. ಅವತ್ತು ಜೋರು ಮಳೆ ಬಂದು, ಪುಡಿ ಪೂರ್ತಿ ಆರುವ ಮೊದಲೇ ಸೀಲ್ ಮಾಡಿದ್ದು ಅಕ್ಕನಿಗೆ ನೆನಪಾಯಿತು. "ಹೊರಗೆ" ಹಾಳೆಯಲ್ಲಿ ಹುಡುಕಿ, ಆ ಬ್ಯಾಚ್ ಹೋದ ಅಂಗಡಿಗಳಿಗೆ ಮಾತ್ರ ಫೋನ್ ಮಾಡಿ ವಾಪಸ್ ತರಿಸಿದರು. ಮೊದಲಾಗಿದ್ದರೆ ಎಲ್ಲ ಅಂಗಡಿಯ ಮಾಲೂ ವಾಪಸ್ ಬರುತ್ತಿತ್ತು, ಇಲ್ಲ ಯಾವುದೂ ಬರುತ್ತಿರಲಿಲ್ಲ.

ಕ್ಯೂಆರ್ ಬೇಡವಾ?

ಈ ಪ್ರಶ್ನೆ ಮನೆಯ ಕಾಲೇಜು ಹುಡುಗನದು. ಕ್ಯೂಆರ್ 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ ಮಾಡಿದ್ದು, ಹಾಗೆ ನೋಡಿದರೆ ಗೋಡೌನಿನ ಕೂಸೇ. ಜಾಸ್ತಿ ಮಾಹಿತಿ ಹಿಡಿಯುತ್ತೆ, ಸ್ವಲ್ಪ ಹಾಳಾದರೂ ಓದುತ್ತೆ. ಆದರೆ ಗೆರೆ ಓದುವ ಲೇಸರ್ ಸ್ಕ್ಯಾನರು ಅದನ್ನು ಓದಲ್ಲ, ಕ್ಯಾಮೆರಾ ಥರದ ಇಮೇಜರ್ ಬೇಕು. 2027ರ ಕೊನೆಯ ಹೊತ್ತಿಗೆ ಕೌಂಟರುಗಳು ಇಂಥ ಚೌಕದ ಕೋಡುಗಳನ್ನೂ ಓದುವಂತಾಗಬೇಕು ಅಂತ ಜಿಎಸ್1 ಗುರಿ ಇಟ್ಟುಕೊಂಡಿದೆ. ಅಲ್ಲಿಯವರೆಗೆ ಬಿಲ್ಲಿಂಗಿಗೆ ಗೆರೆ ಕೋಡೇ. ಸ್ಕ್ಯಾನರ್ ಮಾತ್ರ ಎರಡನ್ನೂ ಓದುವುದನ್ನೇ ಕೊಡಿಸಿದೆ. ಆಲೆಮನೆಯ ವಿಡಿಯೋಗೆ ಬೇಕಾದರೆ ಪೌಚಿನ ಮುಂದೆ ಒಂದು ಕ್ಯೂಆರ್ ಹಾಕಿಕೊಳ್ಳಲಿ, ಆದರೆ ಬಾರ್‌ಕೋಡಿನ ಪಕ್ಕಕ್ಕೆ ಬೇಡ, ಕೌಂಟರಿನ ಹುಡುಗ ಅದನ್ನು ಹಿಡಿದು ಒದ್ದಾಡುತ್ತಾನೆ.

ಹೊರ ಪೆಟ್ಟಿಗೆಗೆ 14 ಅಂಕೆಯ ಬಾರ್‌ಕೋಡ್, ಐಟಿಎಫ್-14 ಕೊಟ್ಟಿದ್ದೇವೆ. ಇಎಎನ್ ನಂಬರಿನ ಮೊದಲ 12 ಅಂಕೆಯ ಮುಂದೆ 1 ಸೇರಿಸಿ ಚೆಕ್ ಅಂಕೆ ಹೊಸದಾಗಿ ಲೆಕ್ಕ ಹಾಕಬೇಕು, ಹಳೆಯದನ್ನೇ ಇಟ್ಟರೆ ತಪ್ಪು. ಗೆರೆ ದಪ್ಪ ಇರುವುದರಿಂದ ರಟ್ಟಿನ ಪೆಟ್ಟಿಗೆಯ ಒರಟು ಮೈಮೇಲೂ ಓದುತ್ತೆ.

ಸೂಪರ್ ಮಾರ್ಕೆಟ್ ಎರಡನೇ ಸಲ ಮಾಲು ತೆಗೆದುಕೊಂಡಿತು. ಈಗ ಮೈದುನ ಪೌಚಿನ ಮೇಲೆಯೇ ಕೋಡ್ ಅಚ್ಚು ಹಾಕಿಸೋಣ, ಲೇಬಲ್ ಅಂಟಿಸುವ ಕೂಲಿ ಉಳಿಯುತ್ತೆ ಅಂತ ಹಟ ಹಿಡಿದಿದ್ದಾನೆ. ಪ್ರೆಸ್ಸಿನವರು ಪ್ರತಿ ಅಳತೆಗೂ ಅಚ್ಚು ಹಾಕುವ ಬೇರೆ ಸಿಲಿಂಡರ್ ಕೆತ್ತಿಸಬೇಕು ಅಂದಿದ್ದಾರೆ, ಒಮ್ಮೆ ಕೆತ್ತಿದರೆ ಒಂದು ಅಂಕೆ ಬದಲಿಸಲೂ ಹೊಸದೇ ಆಗಬೇಕು. ಪುಡಿಯ ಮೂರು ತೂಕದಲ್ಲಿ ಯಾವುದು ಓಡುತ್ತೆ ಅಂತ ಇನ್ನೂ ಗೊತ್ತಾಗಿಲ್ಲ, 250 ಗ್ರಾಂ ನಿಲ್ಲಿಸಿದರೂ ನಿಲ್ಲಿಸಬಹುದು ಅಂತ ಅಕ್ಕನೇ ಹೇಳುತ್ತಿದ್ದಾರೆ. "ಹೊರಗೆ" ಹಾಳೆಯ ಒಂದು ವರ್ಷದ ಲೆಕ್ಕ ಕೈಗೆ ಬರಲಿ, ಯಾವ ಅಳತೆ ನಿಲ್ಲುತ್ತೋ ಅದಕ್ಕೆ ಮಾತ್ರ ಸಿಲಿಂಡರ್ ಮಾಡಿಸೋಣ, ಅಲ್ಲಿವರೆಗೂ ಲೇಬಲ್ಲೇ ಅಂಟಿಸಿ ಅಂದಿದ್ದೇನೆ.